ನಾನು ಹಿಡಿಯಲು ಹೋದ ವಶೀಲಿ

ಈ ವಿಷಯ ಬರೆಯಬೇಕೆಂದು ಕೂತಾಗಲೆಲ್ಲ ಕನ್ನಡಕ ಒರೆಸುವುದು, ಎಲೆ ಅಡಿಕೆ ಹಾಕುವುದು, ಕೊನೆಗೆ ಹಗಲು ನಿದ್ದೆ. ಹೀಗೆಯೇ ವರ್ಷಗಳನ್ನು ದೂಡಿದ್ದೇನೆ. ತಪ್ಪೊಪ್ಪಿಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ನಾಳೆ ನೋಡಿದರಾಯಿತು ಎನ್ನುವಷ್ಟರಲ್ಲಿ ಹಲ್ಲೇ ಉದುರಿಹೋಗುವ ವಯಸ್ಸು ಬರುತ್ತದೆ. ನನಗೆ ಬಂದಿದೆ.

ಎಪ್ಪತ್ತರ ದಶಕದ ಕೊನೆ. ನನ್ನ ತಮ್ಮ ನಮ್ಮೂರು ಕೊಟ್ಟೂರಿನಲ್ಲೇ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ. ನಾನು ಎಸ್ಸೆಸ್ಸೆಲ್ಸಿಗೇ ಮಂಗಳ ಹಾಡಿ ಶೇಂಗಾ ದಲ್ಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಓದು ಅವನದು, ಚಿಂತೆ ನನ್ನದು. ಡಿಗ್ರಿ ಮುಗಿಸಿಯೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತ ಹುಡುಗರನ್ನು ಕಂಡರೆ ನನಗೆ ಅಲ್ಲಿ ತಮ್ಮನ ಮುಖವೇ ಕಾಣುತ್ತಿತ್ತು. ಅದಕ್ಕೇ ಅವನನ್ನು ಬೆಳಿಗ್ಗೆ ಟೈಪಿಂಗ್ ಕ್ಲಾಸಿಗೆ ದಬ್ಬಿದೆ, ಸಂಜೆ ಹಿಂದಿ ಕ್ಲಾಸಿಗೆ ಹಚ್ಚಿದೆ. ನಡುವೆ ಕಾಲೇಜು, ಲ್ಯಾಬು, ಮನೆಗೆ ನೀರು ಹೊರುವುದು. ಪಾಪ, ಊಟಕ್ಕೆ ಕೂತರೂ ಅವನ ತುಟಿ ಪಿಟಿಪಿಟಿ ಎನ್ನುತ್ತಿತ್ತು. ಕೆಮಿಸ್ಟ್ರಿಯೋ ಹಿಂದಿಯೋ, ಅವನಿಗೇ ಗೊತ್ತಿರಲಿಲ್ಲ.

“ಮುಂದೇನ್ ಮಾಡ್ತೀಯಲೇ?” ಎಂದು ದಿನವೂ ಕೇಳುತ್ತಿದ್ದೆ.

“ಬಿ.ಎಡ್. ಮಾಡಿ ಮಾಸ್ತರ ಆಗ್ತೀನಣ್ಣ. ಆದ್ರ ನೀ ಹಿಂಗ ಕೇಳಿದಾಗೊಮ್ಮೆ ಭಯ ಆಗ್ತೈತಿ.”

“ಭಯ ಯಾಕ? ವಶೀಲಿ ಬೇಕು, ವಶೀಲಿ!”

ವಶೀಲಿ ಎಂದರೆ ದೊಡ್ಡವರ ಒಂದು ಮಾತು. ಆ ಮಾತು ಯಾರ ಬಾಯಲ್ಲಿದೆ ಎಂದು ಹುಡುಕುವುದೇ ನಮ್ಮ ಭಾನುವಾರದ ಕೆಲಸವಾಯಿತು. ಕೂಡ್ಲಿಗಿಯಲ್ಲಿ ಒಬ್ಬರು ‘ಪೊಲೀಸ್ ಆಗಲಿ’ ಎಂದರು. ತಮ್ಮನ ಎದೆ ನೋಡಿ ತಾವೇ ಮಾತು ಹಿಂತೆಗೆದುಕೊಂಡರು. ಹರಪನಹಳ್ಳಿಯಲ್ಲಿ ಒಬ್ಬರು ಬಾಗಿಲನ್ನೇ ತೆರೆಯಲಿಲ್ಲ. ಕೊನೆಗೆ ಹೊಳಲಿನಲ್ಲಿ ದೂರದ ನೆಂಟರೊಬ್ಬರಿದ್ದಾರೆ, ಅವರ ಅಳಿಯ ಬಳ್ಳಾರಿಯಲ್ಲಿ ದೊಡ್ಡ ಸಾಹೇಬ ಎಂಬ ಸುದ್ದಿ ಸಿಕ್ಕಿತು.

“ಅಣ್ಣ, ಸೋಮವಾರ ಮುಂಜಾನಿ ನಂದು ಪ್ರಾಕ್ಟಿಕಲ್ ಪರೀಕ್ಷೆ ಐತಿ. ನಮ್ದ ಕೊನೇ ಬ್ಯಾಚು. ತಪ್ಪಿದ್ರ ವರ್ಷನ ಹೋಗ್ತೈತಿ,” ಎಂದ ತಮ್ಮ.

“ಭಾನುವಾರ ಸಂಜಿ ಬಸ್ಸಿಗೇ ವಾಪಸ್ ಬರೋಣು, ನಡಿಯಲೇ. ಪರೀಕ್ಷೆ ಪಾಸಾದೋರು ಓಣಿಗೆ ಹತ್ತು ಮಂದಿ ಅದಾರ.”

ಹೋದೆವು. ನೆಂಟರು ಹೋಳಿಗೆ ಮಾಡಿಸಿದರು. ಇಷ್ಟು ಆದರ ಮಾಡುವವರು ಕೆಲಸ ಕೊಡಿಸದೆ ಬಿಡುತ್ತಾರೆಯೇ ಎಂದು ನಾನು ಇನ್ನೆರಡು ಹಾಕಿಸಿಕೊಂಡೆ. ಊಟವಾಯಿತು, ಮಳೆ ಬೆಳೆ ಮಾತಾಯಿತು, ಅಳಿಯನ ಮಾತು ಮಾತ್ರ ಬರಲಿಲ್ಲ. “ಅಣ್ಣ, ಬಸ್ಸಿಗೆ ಹೊತ್ತಾತು,” ಎಂದು ತಮ್ಮ ಮೊಣಕೈಯಿಂದ ತಿವಿದ. ಬಂದ ಕೆಲಸ ಆಗದೆ ಏಳುವುದು ಹೇಗೆ? ಕಣ್ಣಲ್ಲೇ ಗದರಿಸಿದೆ. ಆ ದಿನದ ಕೊನೆಯ ಬಸ್ಸು ಹಾರ್ನ್ ಹೊಡೆದು ಹೋದ ಮೇಲೆ ನೆಂಟರು ಎಲೆಗೆ ಸುಣ್ಣ ಹಚ್ಚುತ್ತ ಬಾಯಿ ಬಿಟ್ಟರು.

“ನೋಡ್ರಿ, ನಮ್ಮ ಹುಡುಗನೂ ಬಿ.ಎ. ಮುಗಿಸಿ ಮನ್ಯಾಗ ಕುಂತಾನ. ನೀವು ದಲ್ಲಾಲಿ ಅಂಗಡಿಯವ್ರು, ದೊಡ್ಡೋರ ಗುರ್ತು ಇರ್ತೈತಿ. ಎಲ್ಲ್ಯಾದ್ರೂ ಒಂದ್ ಮಾತು ಹೇಳ್ರಿ.”

“ನಿಮ್ಮ ಅಳಿಯಂದಿರು ಅದಾರಲ್ರಿ?” ಎಂದೆ.

“ಅಂವಾ ನಮ್ಮ ಮಾತು ಎಲ್ಲಿ ಕೇಳ್ತಾನ್ರಿ? ಈ ಮನಿ ಹೊಸ್ತಿಲು ತುಳಿದು ಎಷ್ಟು ವರ್ಷಾತು!”

ಮರುದಿನ ನಾವು ಕಾಲೇಜು ಮುಟ್ಟುವ ಹೊತ್ತಿಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಚೀಲ ಹಿಡಿದು ಗೇಟು ದಾಟಿದ್ದರು. ತಮ್ಮ ಅವರ ಹಿಂದೆ ಓಡಿದ. ಊರೂರಿನ ದೊಡ್ಡವರಿಗೆ ಕೈಮುಗಿದು ಬಂದಿದ್ದ ನಾನು ಗೇಟಿನ ಹತ್ತಿರವೇ ನಿಂತೆ. ಅವರು ಆಗುವುದಿಲ್ಲವೆಂದು ತಲೆಯಾಡಿಸಿದ್ದು ಅಲ್ಲಿಂದಲೇ ಕಂಡಿತು.

“ಪರೀಕ್ಷೆ ಬಿಟ್ಟು ಯಾಕ ಹೋಗಿದ್ರಿ?” ಎಂದು ಮನೆಯಲ್ಲಿ ಅಪ್ಪ ಗುಡುಗಿದರು.

ನನ್ನ ನಾಲಗೆ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು: “ಸೋಮವಾರ ಏನೂ ಇಲ್ಲ ಅಂತ ಇವನ ಅಂದಿದ್ದ.”

ತಮ್ಮ ನನ್ನನ್ನೊಮ್ಮೆ ನೋಡಿದ. “ಹೌದು ಯಪ್ಪಾ, ನಂದ ತಪ್ಪು,” ಎಂದು ಕೊಡ ಎತ್ತಿಕೊಂಡು ನೀರಿಗೆ ಹೋದ.

ಒಂದು ವರ್ಷ ಹಾಗೆ ಹೋಯಿತು. ಆಮೇಲೆ ಅವನು ಯಾರ ವಶೀಲಿಯೂ ಇಲ್ಲದೆ ಮೇಷ್ಟ್ರಾದ. ಆದರೆ ಜೊತೆಗೆ ಓದಿದವರು ಅವನಿಗಿಂತ ಸೀನಿಯರ್ ಆಗಿಬಿಟ್ಟಿದ್ದರು, ಅವರ ಕೈಕೆಳಗೇ ನಿವೃತ್ತನಾದ. ಈಗಲೂ ಸಂಜೆ ನಮ್ಮ ಮನೆಗೆ ಬರುತ್ತಾನೆ. “ಲೇ ತಮ್ಮಾ, ಅವತ್ತು...” ಎಂದು ಶುರು ಮಾಡುತ್ತೇನೆ. “ಯಾವತ್ತಣ್ಣ?” ಎನ್ನುತ್ತಾನೆ. “ಏನಿಲ್ಲ, ಚಾಕ್ಕ ಸಕ್ರಿ ಸಾಕೇನು?” ಎನ್ನುತ್ತೇನೆ. ಸ್ವಂತ ತಮ್ಮನ ಮುಂದೆ ಒಂದು ಮಾತಾಡಲು ಈ ಮುದುಕ ನಿಮ್ಮ ವಶೀಲಿ ಹಿಡಿಯಬೇಕಾಗಿದೆ. ಕೊಟ್ಟೂರಿನ ಕಡೆ ಬಂದರೆ ನನ್ನ ಪರವಾಗಿ ನೀವೇ ಅವನಿಗೆ ಹೇಳಿ. ನಮ್ಮೂರಿನಲ್ಲಿ ಓಣಿಗೆ ಹತ್ತು ಮಂದಿಗಿರುವ ಹೆಸರೇ ಅವನದೂ: ಕೊಟ್ರೇಶ.