ಸಡಿಲಿಕೆ ಅಧಿಕಾರಿಯ ಅರ್ಧ ಕ್ಷೌರ

ಸಣ್ಣ ವ್ಯಾಪಾರಗಳ ಕೆಲಸದ ನಿಯಮ ಸಡಿಲಿಸುವ ಇಲಾಖೆಯ ಘನ ಮುಖ್ಯಸ್ಥರಿಗೆ, ಹಾರ್ಶಮ್ ಊರಿನ ಎರಡು ಕುರ್ಚಿಯ ಸಲೂನಿನ ಒಡತಿ ಗ್ಲೆನಿಸ್ ಪ್ಯಾಸ್ಕೋ ಮಾಡುವ, ನೀಟಾಗಿ ಬಾಚಿದ ನಮಸ್ಕಾರಗಳು.

ಮಾನ್ಯರೇ,

ನನ್ನ ಸಿಬ್ಬಂದಿ ಎಂದರೆ ಲೊರೇನ್ ಒಬ್ಬಳೇ. ಅವಳ ಗಂಡ ಆರ್ಚಿ ಮೂವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದವನು. ಈಗ ನೆನಪು ಕಳೆದುಕೊಂಡು ವೃದ್ಧಾಶ್ರಮದಲ್ಲಿದ್ದಾನೆ, ಹೆಂಡತಿ ತಿನ್ನಿಸಿದರೆ ಮಾತ್ರ ಉಣ್ಣುತ್ತಾನೆ. "ಅವನಿಗೆ ಹಸಿವಾದಾಗ ಹೋಗ್ಬಾ" ಎಂದು ನಾನು, "ಸಂಜೆ ಸರಿದೂಗಿಸ್ತೀನಿ ಬಿಡು" ಎಂದು ಅವಳು, ಚಹಾ ಆರುವ ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು. ಇಂಥ ಅನಾಗರಿಕ ಪದ್ಧತಿಯಿಂದ ನಮ್ಮನ್ನು ಪಾರುಮಾಡಲು ತಾವು ಹತ್ತೊಂಬತ್ತು ಪುಟಗಳ ಸಡಿಲಿಕೆ ಅರ್ಜಿಯನ್ನೂ, ಅದನ್ನು ಹೊತ್ತ ಅಧಿಕಾರಿ ಶ್ರೀ ಫಿಂಚ್ ಅವರನ್ನೂ ಕಳುಹಿಸಿದಿರಿ. ಎಂಥ ಔದಾರ್ಯ!

"ಹಸಿವಾದಾಗ ಅಂತೆಲ್ಲ ಬರೆಯೋಕಾಗಲ್ಲ ಮೇಡಂ, ಗಂಟೆ ಹೇಳಿ" ಎಂದರು ಫಿಂಚ್. (ಆರ್ಚಿಯ ಹೊಟ್ಟೆ ಇನ್ನು ಮುಂದೆ ಹದಿನಾಲ್ಕು ದಿನ ಮುಂಚಿತವಾಗಿ ಲಿಖಿತ ಸೂಚನೆ ನೀಡುವಂತೆ ತಾವು ಆಜ್ಞಾಪಿಸಬೇಕು.) ಕೊನೆಗೆ ಅವರೇ "ಹನ್ನೊಂದೂಮುಕ್ಕಾಲರಿಂದ ಒಂದೂವರೆ, ಒಂದು ನಿಮಿಷವೂ ಆಚೀಚೆ ಆಗಕೂಡದು" ಎಂದು ಬರೆದು ಸಹಿ ಹಾಕಿ, ಆ ಖುಷಿಗೆ ಕ್ಷೌರಕ್ಕೂ ಕುಳಿತರು.

ಎಡಗಡೆ ಮುಗಿಯುವಷ್ಟರಲ್ಲಿ ಹನ್ನೊಂದೂಮುಕ್ಕಾಲಾಯಿತು. ಲೊರೇನ್ ಕತ್ತರಿಯನ್ನು ಜೇಬಿಗಿಳಿಸಿ ಹೊರಟಳು.

"ಅಯ್ಯೋ, ಇನ್ನೊಂದು ಕಡೆ?"

"ಒಂದೂವರೆಗೆ ಸರ್."

"ಒಂದು ಗಂಟೆಗೆ ನನ್ನ ಬಸ್ಸು ರೀ!"

ನನ್ನ ಬಲಗೈ ಮೂಳೆ ಮುರಿದು ಪಟ್ಟಿಯಲ್ಲಿತ್ತು. ಬೇರೆ ದಾರಿಯಿಲ್ಲದೆ ಫಿಂಚ್ ಅವರು ಕೊರಳಿನ ಬಟ್ಟೆ ಹಾರಾಡಿಸುತ್ತ ಅವಳ ಕಾರು ಹತ್ತಿದರು. ಇಂಥ ಭಾಗ್ಯ ತಪ್ಪಿಸಿಕೊಳ್ಳಬಾರದೆಂದು ನಾನೂ ಅಂಗಡಿ ಮುಚ್ಚಿ ಹಿಂದಿನ ಸೀಟಿನಲ್ಲಿ ತೂರಿಕೊಂಡೆ.

ವೃದ್ಧಾಶ್ರಮದಲ್ಲಿ, ಎಂಟು ತಿಂಗಳಿಂದ ಎರಡು ಮಾತು ಜೋಡಿಸದಿದ್ದ ಆರ್ಚಿ, ಫಿಂಚ್ ಅವರ ತಲೆಯನ್ನು ನೋಡಿದ. ಚಮಚ ಪಕ್ಕಕ್ಕೆ ತಳ್ಳಿದ. ಊಟದ ಮನೆಯೆಲ್ಲ ಅದುರುವಂತೆ ನಕ್ಕ.

"ಈ ಕುರೀನ ಅರ್ಧಕ್ಕೆ ಬಿಟ್ಟೋರು ಯಾರೇ ಲೊರೇನ್? ಹಿಡ್ಕೊಂಬಾ ಇಲ್ಲಿ!"

ತನ್ನ ಹೆಸರು ಅವನ ಬಾಯಲ್ಲಿ ಕೇಳಿ ಲೊರೇನ್ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು. ಫಿಂಚ್ ಅವರು, ಅವರ ಹೊಟ್ಟೆ ತಣ್ಣಗಿರಲಿ, ಆರ್ಚಿಯ ಕಾಲ ಬಳಿ ನೆಲದ ಮೇಲೆ ಕುಳಿತು ತಲೆ ಬಗ್ಗಿಸಿದರು. "ಕಿವಿ ಹುಷಾರು ಕಣೇ, ಕಿವಿ!" ಎಂದು ಆರ್ಚಿ ಮೇಲ್ವಿಚಾರಣೆ ನಡೆಸಿದ, ಬಲಗಡೆಯೂ ಮುಗಿಯಿತು, ತಟ್ಟೆಯೂ ಖಾಲಿಯಾಯಿತು. ಬಸ್ಸು ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ.

ಈಗ ನನ್ನ ದೂರು. ಬಿಡುವಿನ ವೇಳೆಯಲ್ಲಿ, ಅಂಗಡಿಯ ಹೊರಗೆ, ಕುರಿ ಉಣ್ಣೆ ಕತ್ತರಿಸುವವನ ನಿರ್ದೇಶನದಲ್ಲಿ ನಡೆದ ಈ ಕ್ಷೌರವನ್ನು ಯಾವ ಪುಟದಲ್ಲಿ ನಮೂದಿಸಬೇಕೆಂದು ತಾವು ಎಲ್ಲಿಯೂ ತಿಳಿಸಿಲ್ಲ. ಹೊಸ ಪುಟ ಮುದ್ರಣವಾಗುವವರೆಗೆ, ಆರು ವಾರಕ್ಕೊಮ್ಮೆ ಒಬ್ಬ ಅಧಿಕಾರಿಯನ್ನು ಸಾಕಷ್ಟು ಕೂದಲಿನೊಂದಿಗೆ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.

ಹದಿನೇಳನೆಯ ಪುಟದವರೆಗೆ ತಲುಪಿರುವ ತಮ್ಮ ವಿಶ್ವಾಸಿ,
ಗ್ಲೆನಿಸ್ ಪ್ಯಾಸ್ಕೋ

ತಾ.ಕ.: ಹೊರಡುವಾಗ ಫಿಂಚ್ ಅವರು ಅರ್ಜಿಯಲ್ಲಿದ್ದ ಗಂಟೆಗಳನ್ನೆಲ್ಲ ತಮ್ಮ ಕೈಯಾರೆ ಗೀಟೆಳೆದು ಹೊಡೆದುಹಾಕಿದರು. ಇದಕ್ಕಾಗಿ ಅವರ ಮೇಲೆ ಕ್ರಮ ಕೈಗೊಳ್ಳುವುದಾದರೆ ದಯವಿಟ್ಟು ತಾವೇ ಖುದ್ದಾಗಿ ಬನ್ನಿ. ಲೊರೇನ್ ಕತ್ತರಿಗೆ ಸಾಣೆ ಹಿಡಿಸಿದ್ದಾಳೆ, ಹನ್ನೊಂದೂವರೆಗೆ ಕುರ್ಚಿ ಖಾಲಿ ಇಟ್ಟಿರುತ್ತೇವೆ.