ಬೂದಿ ದಿಬ್ಬದ ವಯಸ್ಸು

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ, ನನಗೆ ಹೋದಲ್ಲೆಲ್ಲ ಇಂಥ ಪ್ರಸಂಗಗಳು ಸಿಗುತ್ತವೆ. ನಾನು ಪಾಪ ಒಂದು ಮೂಲೆ ಹಿಡಿದು ಕೂತಿರುತ್ತೇನೆ, ಅವು ತಾವಾಗಿ ಬಂದು ಮೈಮೇಲೆ ಬೀಳುತ್ತವೆ. ಇದನ್ನು ನನ್ನ ಹೆಂಡತಿ ನಂಬುವುದಿಲ್ಲ. ನೀವಾದರೂ ನಂಬಿ.

ಗೌಡರ ಕರಾರು

ಗಲಗಲಿ ಕಡೆಯ ಒಬ್ಬ ಗೌಡರ ಹೊಲದಲ್ಲಿ ದೊಡ್ಡದೊಂದು ಬೂದಿ ದಿಬ್ಬವಿತ್ತು. ಮೈಸೂರು ಕಡೆಯಿಂದ ಬಂದ ಸಂಶೋಧಕಿಯೊಬ್ಬರು, ನಾವೆಲ್ಲ 'ಬಾಯಾರು' ಅನ್ನುತ್ತಿದ್ದವರು, ಚಳಿಗಾಲದಲ್ಲಿ ಅದರೊಳಗೆ ಒಂದು ಕುಣಿ ತೋಡಿಸಿದರು. ಇತಿಹಾಸದ ಮಾಸ್ತರರಾದ ನಾವು ಕೆಲವರು ಕೈಜೋಡಿಸಿದೆವು. ಒಂದೊಂದು ಪದರಿನ ಇದ್ದಿಲನ್ನು ಒಂದೊಂದು ಪೊಟ್ಟಣದಲ್ಲಿ ಕಟ್ಟಿ, ವಯಸ್ಸು ಅಳೆಯುವ ಪ್ರಯೋಗಾಲಯಕ್ಕೆ ಕಳಿಸಿದ್ದಾಯಿತು. ಬೇಸಿಗೆಗೆ ಉತ್ತರ ಬರುವ ಹೊತ್ತಿಗೆ, ಇಂಥ ಲೆಕ್ಕಗಳನ್ನು ಹೇಗೆ ಜೋಡಿಸಿಡಬೇಕು, ಹೇಗೆ ಓದಬೇಕು ಎಂದು ಕಲಿಸಲು ಬಾಯಾರು ಜಮಖಂಡಿಯ ಕಾಲೇಜೊಂದರಲ್ಲಿ ಶಿಬಿರ ಇಟ್ಟರು.

ಗೌಡರಿಗೆ ಆ ಬೂದಿ ಕಬ್ಬಿಗೆ ಗೊಬ್ಬರವಾಗಿ ಬೇಕಾಗಿತ್ತು. "ನಮ್ಮ ಮುತ್ಯಾನ ಮುತ್ಯಾಗಿಂತ ಹಳೇದಿದ್ರ ಮುಟ್ಟಂಗಿಲ್ಲರಿ. ಅಲ್ಲಂದ್ರ ಶಿಬಿರ ಮುಗಿದ ದಿನಾನ ಟ್ರ್ಯಾಕ್ಟರ್ ಹಚ್ಚತೀನಿ" ಎಂದು ಕರಾರು ಹಾಕಿದರು.

ಬಾಯಾರ ಮುಖ ಸಣ್ಣದಾಯಿತು. ಅವರ ಅರ್ಧ ಆಯುಷ್ಯ ಆ ದಿಬ್ಬದ ಮೇಲೆ ನಿಂತಿತ್ತು. "ಗೌಡರೇ, ದನ ಸಾಕುವ ಜನ ಸಾವಿರಾರು ವರ್ಷದ ಹಿಂದೆ ಸಗಣಿ ಸುಟ್ಟು ಮಾಡಿದ್ದು ಅಂತ ನನ್ನ ಅಂದಾಜು. ಒಂದು ಸಲ ಚೆಲ್ಲಿದರೆ ಮತ್ತೆ ಸಿಗೋದಿಲ್ಲ."

"ಯಾಕ ಸಿಗಂಗಿಲ್ರಿ ಬಾಯಾರ? ನಮ್ಮ ಹಟ್ಟಿಯೊಳಗ ಇನ್ನೂ ಸಗಣಿ ಐತಿ. ನೀವು ಸಾವಿರ ವರ್ಷ ತಡಕೊಳ್ರಿ, ಅಷ್ಟ."

ಒಂದೇ ದಿನ ಹುಟ್ಟಿದವರು

ಶಿಬಿರದ ಮೊದಲ ಪಾಠಕ್ಕೆ ಬಾಯಾರು ಸುಲಭದ್ದೊಂದು ಕೊಟ್ಟರು. ಎಲ್ಲರೂ ಸಾಲಿ ದಾಖಲೆಯಲ್ಲಿರುವ ತಮ್ಮ ಹುಟ್ಟಿದ ದಿನಾಂಕ ಹೇಳುವುದು, ಅವರು ಹಲಗೆಯ ಮೇಲೆ ನಕ್ಷೆ ತೆಗೆಯುವುದು. ತೆಗೆಯುತ್ತಾ ತೆಗೆಯುತ್ತಾ ಸೀಮೆಸುಣ್ಣ ಒಂದೇ ಕಡೆ ಮೇಲಕ್ಕೇರಿತು. ಹೆಚ್ಚೂಕಡಿಮೆ ಎಲ್ಲರದೂ ಜೂನ್ ಒಂದು.

ಬಾಯಾರು ದಂಗಾಗಿ ನಿಂತರು. "ಈ ಸೀಮೆಯ ತಾಯಂದಿರೆಲ್ಲ ಒಂದೇ ದಿನ ಹೆತ್ತರೇನ್ರಿ?"

ನನ್ನ ಪಕ್ಕದಲ್ಲಿ ಕೂತಿದ್ದ ರಬಕವಿಯ ಮಾಸ್ತರ, ನೇಕಾರರ ಮನೆಯವನು, ಎದ್ದು ನಿಂತ. "ಅವತ್ತ ಸಾಲಿ ಸುರು ಆಗ್ತಿತ್ರಿ. ಹೆಡ್ ಮಾಸ್ತರ್ರು ಸಾಲಿಗಿ ಬಂದವ್ರನ್ನೆಲ್ಲ ಅವತ್ತ ಹುಟ್ಟಿಸಿಬಿಡ್ತಿದ್ರು. ಅದಕ್ಕಿಂತ ಮೊದಲಿನ ಸುದ್ದಿ ಯಾರಿಗೂ ಬೇಕಾಗಿರಲಿಲ್ಲರಿ."

ಬಾಯಾರಿಗೆ ನಿಧಿ ಸಿಕ್ಕಷ್ಟು ಸಂತೋಷ. "ನೋಡಿ, ಬರೆದಿದೆ ಅಂದಮಾತ್ರಕ್ಕೆ ನಂಬಬಾರದು. ಗುಂಪಿನಲ್ಲಿ ಎಲ್ಲ ಒಂದೇ ಥರ ಇದ್ದರೆ ಅನುಮಾನ ಪಡಬೇಕು." ಆಮೇಲೆ ನಕ್ಷೆಯಲ್ಲಿ ಒಂಟಿಯಾಗಿದ್ದ ಚುಕ್ಕಿಯ ಕಡೆ ಬೆರಳು ತೋರಿಸಿದರು. "ಮೇ ಮೂವತ್ತೊಂದು. ಇದು ಯಾರದು?"

ನಾನು ಕೈ ಎತ್ತಿದೆ.

"ಇಡೀ ವರ್ಗದಲ್ಲಿ ನಂಬಬಹುದಾದ ದಿನಾಂಕ ಇದೊಂದೇ" ಎಂದರು.

ದಾಖಲೆಯಲ್ಲಿ ನನ್ನದೂ ಜೂನ್ ಒಂದೇ. ಗುಂಪಿನಲ್ಲಿ ಬೆರೆಯಲು ಬೇಸರವಾಗಿ ಒಂದು ದಿನ ಮೊದಲೇ ಹುಟ್ಟಿದ್ದೆ.

ಕಂಪ್ಯೂಟರಿನ ಮುಂದೆ

ಪ್ರಯೋಗಾಲಯದ ಉತ್ತರ ಬಂದ ಮೇಲೆ ಅದನ್ನು ಕಂಪ್ಯೂಟರಿಗೆ ಉಣಿಸಬೇಕಾಗಿತ್ತು. ಆಗ ಊರಿಗೆಲ್ಲ ಅಂಥದ್ದು ಒಂದೋ ಎರಡೋ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಹೋದೆವು. ಕಾಲೇಜಿನ ಸಿಪಾಯಿ ಅದರ ಹಣೆಗೆ ಕುಂಕುಮ ಹಚ್ಚಿ ಕಾಯಿ ಒಡೆಯಲು ಕೈ ಎತ್ತಿದಾಗ ಬಾಯಾರು ಓಡಿ ಬಂದು ಅಡ್ಡ ನಿಂತರು. ಕಾಯಿ ಹೊಸ್ತಿಲಿಗೆ ಒಡೆಯಿತು.

ಯಂತ್ರ ಬಹಳ ಹೊತ್ತು ಗಪ್ಪಾಗಿ ಕೂತಿತು.

"ಏನ್ ಮಾಡಾಕತ್ತೈತ್ರಿ?" ರಬಕವಿಯವನು ಪಿಸುಗುಟ್ಟಿದ.

"ವಿಚಾರ ಮಾಡ್ತಿದೆ" ಎಂದರು ಬಾಯಾರು.

"ನಮ್ಮ ಹೆಡ್ ಮಾಸ್ತರ್ರು ಹಿಂಗ ಕೂತ್ರ ನಿದ್ದಿ ಹತ್ತೈತಿ ಅಂತಿದ್ವಿ."

ಆಮೇಲೆ ಮುದ್ರಣ ಯಂತ್ರ ಕರ್ ಕರ್ ಎನ್ನುತ್ತ, ಮಗ್ಗದಿಂದ ಸೀರೆಯ ದಡಿ ಇಳಿದಂತೆ, ಸಾಲು ಸಾಲಾಗಿ ಒಂದು ಗುಡ್ಡದ ಚಿತ್ರ ಇಳಿಸತೊಡಗಿತು. ಒಂದು ಚೂರು ಇದ್ದಿಲು ಯಾವ ಕಾಲದ್ದಿರಬಹುದು ಎಂದು ಹೇಳುವ ಗುಡ್ಡ. ಗೆರೆ ಸಾವಿರ ವರ್ಷ ದಾಟಿತು, ಎರಡು ಸಾವಿರ ದಾಟಿತು. ನಾನು ಬೆರಳು ಮಡಚಿ ತಲೆಮಾರು ಎಣಿಸತೊಡಗಿದೆ. ಅಷ್ಟರಲ್ಲಿ ಕರೆಂಟು ಹೋಯಿತು.

"ಉಳಿದದ್ದು?" ಎಂದೆ.

"ಉಳಿದ ವರ್ಷಗೋಳು ಲೈನ್‌ಮನ್ ಕೈಯಾಗ ಅದಾವ" ಎಂದ ರಬಕವಿಯವನು. "ನಮ್ಮ ಸೀರಿಗೋಳೂ ಅವನ ಕೈಯಾಗ."

ಇನ್ನೂ ಹುಟ್ಟದ ಇದ್ದಿಲು

ಕೊನೆಯ ದಿನ ಗೌಡರು ತಲೆಗೆ ಪಟಕಾ ಸುತ್ತಿಕೊಂಡು ಬಂದರು. ಟ್ರ್ಯಾಕ್ಟರನ್ನೂ ಜೊತೆಗೆ ತಂದು ಗೇಟಿನ ಹೊರಗೆ ನಿಲ್ಲಿಸಿದ್ದರು. ಬಾಯಾರು ಒಂದೊಂದು ಪೊಟ್ಟಣಕ್ಕೆ ಒಂದೊಂದು ಚುಕ್ಕಿ ಇಟ್ಟ ಹಾಳೆಯನ್ನು ಮೇಜಿನ ಮೇಲೆ ಹಾಸಿದರು. ಅದರ ಮೂಲೆಗಳ ಮೇಲೆ ಒಂದೊಂದು ಸೀಮೆಸುಣ್ಣ ಇಟ್ಟರು.

"ಗಿಡ ಬದುಕಿರುವಾಗ ಗಾಳಿಯಿಂದ ಒಂದು ಥರದ ಇಂಗಾಲ ಕುಡಿಯುತ್ತೆ. ಸತ್ತಮೇಲೆ ಅದು ನಿಧಾನವಾಗಿ ಕರಗುತ್ತೆ. ಎಷ್ಟು ಉಳಿದಿದೆ ಅಂತ ಅಳೆದರೆ ಎಂದು ಸತ್ತಿತು ಅಂತ ತಿಳಿಯುತ್ತೆ. ನಿಮ್ಮ ದಿಬ್ಬ ಸುಮಾರು ನಾಲ್ಕು ಸಾವಿರ ವರ್ಷದ್ದು, ಗೌಡರೇ."

ಗೌಡರು ಹಾಳೆಯ ಮೇಲೆ ಬಾಗಿದರು. ಬೆರಳನ್ನು ಒಂದು ಚುಕ್ಕಿಯ ಮೇಲೆ ಇಟ್ಟರು. "ಈ ಒಂದು ಯಾಕ ದೂರ ನಿಂತೈತಿ?"

"ಅದು ಎಲ್ಲಕ್ಕಿಂತ ತಳದ ಪೊಟ್ಟಣ. ಎಲ್ಲಕ್ಕಿಂತ ಹಳೆಯದಾಗಿರಬೇಕಿತ್ತು. ಆದರೆ ಲೆಕ್ಕದ ಪ್ರಕಾರ ಅದು ಇನ್ನೂ ಹುಟ್ಟೇ ಇಲ್ಲ."

ಬಾಯಾರು ಬಿಡಿಸಿ ಹೇಳಿದರು. ದೂರದ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿದಾಗ ಇಡೀ ಭೂಮಿಯ ಗಾಳಿಯಲ್ಲಿ ಆ ಇಂಗಾಲ ಹೆಚ್ಚಾಯಿತು. ಆಮೇಲೆ ಬೆಳೆದ ಗಿಡದಲ್ಲೆಲ್ಲ ಅದು ಹೆಚ್ಚಿಗೆ ಇದೆ, ಅದಕ್ಕೇ ಲೆಕ್ಕದಲ್ಲಿ ಅದರ ವಯಸ್ಸು ಸೊನ್ನೆಗಿಂತ ಕೆಳಗಿಳಿಯುತ್ತದೆ. ಇದು ಅಂಥ ಗಿಡದ ಇದ್ದಿಲು. ಎಲ್ಲಿಯ ಬಾಂಬು, ಎಲ್ಲಿಯ ಗಲಗಲಿಯ ಗಿಡ. ಅದರ ಉಸಿರು ಇದರ ಕಟ್ಟಿಗೆಯೊಳಗೆ ಹೊಕ್ಕಿತ್ತು.

"ಹಂಗಾದ್ರ ಬಾಕಿವೂ ಸುಳ್ಳ ಇರಬೇಕಲ್ಲ?" ಎಂದು ಗೌಡರು ಬಾಗಿಲ ಕಡೆ ನೋಡಿದರು.

"ಇಲ್ಲ. ಬಾಕಿಯವು ಹಳೇದು ಕೆಳಗೆ, ಹೊಸದು ಮೇಲೆ, ಸಾಲಾಗಿ ನಿಂತಿವೆ. ಇಷ್ಟೊಂದು ಸಾಕ್ಷಿ ಮಾತಾಡಿಕೊಂಡು ಸುಳ್ಳು ಹೇಳೋಕಾಗಲ್ಲ. ಇದೊಂದನ್ನು ಯಾರೋ ಕೈಯಾರೆ ಹಾಕಿದ್ದಾರೆ." ಬಾಯಾರು ನಮ್ಮ ಕಡೆ ತಿರುಗಿದರು. "ತಳದ ಪೊಟ್ಟಣ ಕಟ್ಟಿದ್ದು ಯಾರು?"

ನಾನು ಫ್ಯಾನು ನೋಡಿದೆ. ಅದೂ ನಿಂತಿತ್ತು.

"ಕಟ್ಟಿದವ್ರೂ ಇವರ, ಅವತ್ತ ಚಾ ಮಾಡಾಕ ಜಾಲಿ ಕಟಗಿ ತಂದು ಒಲಿ ಹೂಡಿದವ್ರೂ ಇವರ ರೀ" ಎಂದ ರಬಕವಿಯವನು, ನನ್ನ ಕಡೆ ಬೆರಳು ಮಾಡಿ. ಗೆಳೆಯ ಅಂದರೆ ಹೀಗಿರಬೇಕು.

"ಗಾಳಿ ಭಾಳ ಇತ್ರಿ" ಎಂದೆ. "ಹಾರಿ ಬಿದ್ದಿರಬೇಕು." ಇವತ್ತಿಗೂ ನನ್ನ ಹೇಳಿಕೆ ಅದೇ.

"ಹಾರಿ ಬಂದು, ಪೊಟ್ಟಣದಾಗ ಹೊಕ್ಕು, ಮ್ಯಾಲ ದಾರಾನೂ ಕಟ್ಟಿಗೊಂತೇನು?" ಗೌಡರು ನನ್ನನ್ನು ಅಡಿಯಿಂದ ಮುಡಿಯವರೆಗೆ ತೂಗಿ ನೋಡಿದರು. ಆಮೇಲೆ ಹಾಳೆಯ ಮುಂದೆ ಕೈ ಮುಗಿದರು. "ನಾಲ್ಕು ಸಾವಿರ ವರ್ಷ ಕೂತದ್ದನ್ನ ಎಬ್ಬಿಸೋದು ಬ್ಯಾಡ. ದಿಬ್ಬ ಅಲ್ಲೇ ಇರಲಿ ಬಾಯಾರ. ಆದ್ರ ಟ್ರ್ಯಾಕ್ಟರ್ ಖಾಲಿ ಹೋಗಬಾರದು. ಈ ಮಾಸ್ತರನ್ನ ಹೇರಿ ಕಬ್ಬಿಗಿ ಹಾಕ್ತೀನಿ."

ಬಾಯಾರು ಆ ಶಿಬಿರದಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕರು.

"ಹಾಕೋ ಮುಂಚೆ ಇವರದೂ ಒಂದು ಪೊಟ್ಟಣ ಕಟ್ಟಿ ನನಗೆ ಕೊಡಿ ಗೌಡರೇ" ಎಂದರು. "ಆ ಮೇ ಮೂವತ್ತೊಂದರ ಮೇಲೂ ನನಗೀಗ ಅನುಮಾನ ಬಂದಿದೆ."