ಸಂಜೆ ಆರರೊಳಗೆ ಒಬ್ಬ ಓಟಗಾರ

ಅಮೆರಿಕದಲ್ಲಿ ಯಾರೋ ಒಬ್ಬನ ಮೊಣಕಾಲು ಉಳುಕಿತು. ರಾಜರಾಜೇಶ್ವರಿನಗರದಲ್ಲಿ ಬಸವಕುಮಾರನ ಗಂಟಲಲ್ಲಿ ಇಡ್ಲಿ ನಿಂತಿತು.

"ಏನಾಯ್ತ್ರೀ?" ಎಂದಳು ಹೆಂಡತಿ ಕೀರ್ತನಾ, ನೀರಿನ ಲೋಟ ಮುಂದೆ ತಳ್ಳಿ.

"ಟ್ಯಾಂಕರ್ ಹೋದ."

"ಹೋದ ಅಂದ್ರೆ? ಇನ್ನೂ ನೀರೇ ಬಂದಿಲ್ವಲ್ಲ."

"ನೀರಿನ ಟ್ಯಾಂಕರ್ ಅಲ್ಲ ಕಣೇ. ನನ್ನ ಓಟಗಾರ. ಇವತ್ತಿನ ಮ್ಯಾಚಿಗಿಲ್ಲ." ಬಸವಕುಮಾರ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ಸುದ್ದಿ ಕಾಣದಿದ್ದರೆ ಮೊಣಕಾಲು ಸರಿಹೋಗಬಹುದು ಎಂಬಂತೆ.

ಈ ಆಟವನ್ನು ಗ್ರೀನ್ ಮೆಡೋಸ್ ಅಪಾರ್ಟ್‌ಮೆಂಟಿಗೆ ತಂದವನು ಮೂರನೇ ಮಹಡಿಯ ಧ್ರುವ. ಅಮೆರಿಕದ ಗಿರಾಕಿಗಳ ಬೈಗುಳವನ್ನು ಫೋನಿನಲ್ಲಿ ಕೇಳಿಸಿಕೊಳ್ಳುವುದು ಅವನ ಉದ್ಯೋಗ. ಅಲ್ಲಿಯವರ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವುದು ಅಪರೂಪ. ಒಬ್ಬ ಅದನ್ನು ಎದೆಗವಚಿಕೊಂಡು ಓಡುತ್ತಾನೆ, ಇನ್ನೊಬ್ಬ ದೂರದಿಂದ ಎಸೆದದ್ದನ್ನು ಕ್ಯಾಚ್ ಹಿಡಿಯುತ್ತಾನೆ, ಎದುರಿನವರೆಲ್ಲ ಅವರ ಮೇಲೆ ಬೀಳುತ್ತಾರೆ. ಇಲ್ಲಿ ಪ್ರತಿ ಮನೆಯವರೂ ಆ ಆಟಗಾರರನ್ನು ಆರಿಸಿಕೊಂಡು ಫೋನಿನಲ್ಲಿ ಒಂದು ಸುಳ್ಳು ತಂಡ ಕಟ್ಟಬೇಕು. ಅಲ್ಲಿ ಅವನು ಓಡಿದಷ್ಟೂ ಇಲ್ಲಿ ಅಂಕ. ಹೆಸರುಗಳಿಗೆ ನಾಲಿಗೆ ಹೊರಳದೆ ಆಟಗಾರರಿಗೆಲ್ಲ ಅಡ್ಡಹೆಸರು ಬಿದ್ದಿತ್ತು. ಯಾರು ಎದುರು ಬಂದರೂ ನಿಲ್ಲದವನು ಟ್ಯಾಂಕರ್. ಸಂದಿ ಕಂಡಲ್ಲಿ ನುಗ್ಗುವವನು ಆಟೋ.

ಸೀಸನ್ ಮುಗಿಯುವ ಹೊತ್ತಿಗೆ ಓಟಗಾರರ ಮೊಣಕಾಲುಗಳು ಒಂದೊಂದಾಗಿ ಕೈಕೊಡುತ್ತವೆ. ಆಗ ಒಬ್ಬ ಗಟ್ಟಿ ಓಟಗಾರನೆಂದರೆ ಹಬ್ಬದ ಹಿಂದಿನ ದಿನದ ಗ್ಯಾಸ್ ಸಿಲಿಂಡರ್ ಇದ್ದ ಹಾಗೆ. ಇದ್ದವರು ಬಿಟ್ಟುಕೊಡುವುದಿಲ್ಲ, ಇಲ್ಲದವರಿಗೆ ನಿದ್ದೆಯಿಲ್ಲ.

ನಿದ್ದೆ ಕೆಡಲು ಬೇರೆಯದೇ ಕಾರಣವಿತ್ತು. ಅಪಾರ್ಟ್‌ಮೆಂಟಿನ ಸೆಕ್ರೆಟರಿಯಾಗಲು ಯಾರೂ ಒಪ್ಪುತ್ತಿರಲಿಲ್ಲ. ಚೀಟಿ ಎತ್ತಿದರೆ, ಹೆಸರು ಬಂದವರ ಮನೆಯಲ್ಲಿ ಆ ವಾರವೇ ಯಾರಿಗಾದರೂ ಹುಷಾರು ತಪ್ಪುತ್ತಿತ್ತು. ಈಗಿನ ಸೆಕ್ರೆಟರಿ ನಂಜುಂಡಪ್ಪನವರಂತೂ ಫೋನ್ ಸದ್ದಾದರೆ ಕುಕ್ಕರ್ ಕೂಗಿದಾಗಿನ ಬೆಕ್ಕಿನಂತೆ ಬೆಚ್ಚಿಬೀಳುವ ಸ್ಥಿತಿಗೆ ಬಂದಿದ್ದರು. ಕೊನೆಗೆ ಧ್ರುವನೇ ದಾರಿ ತೋರಿಸಿದ. ಈ ಆಟದಲ್ಲಿ ಯಾರು ಕಟ್ಟಕಡೆಗೆ ಬರುತ್ತಾರೋ ಅವರು ಒಂದು ವರ್ಷ ಸೆಕ್ರೆಟರಿ. ಎಲ್ಲರೂ ಕೈ ಎತ್ತಿದರು, ಪಕ್ಕದವನು ಸೋಲುತ್ತಾನೆ ಎಂಬ ಭರವಸೆಯಿಂದ. ಮೊದಲು ಎತ್ತಿದವನು ಬಸವಕುಮಾರ. ಈಗ ಕೊನೆಯಲ್ಲಿದ್ದವನೂ ಅವನೇ. ಅವನಿಗಿಂತ ಕೂದಲೆಳೆಯಷ್ಟು ಮೇಲೆ ನೆಲಮಹಡಿಯ ವೆಂಕಟಗಿರಿ ಇದ್ದರು. ಇದು ಕೊನೆಯ ಭಾನುವಾರ. ಸಂಜೆ ಆರರವರೆಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಆಮೇಲೆ ಬಾಗಿಲು ಬಂದ್.

"ಏನೂ ಯೋಚನೆ ಇಲ್ಲ," ಎಂದ ಬಸವಕುಮಾರ, ಕೈ ತೊಳೆಯುತ್ತ. "ಹದಿನೈದು ವರ್ಷದಿಂದ ಟೈಲ್ಸ್ ಮಾರ್ತಾ ಇದೀನಿ. ಬೇಡ ಅಂದೋರ ಮನೆ ಗೋಡೆಗೂ ಅಂಟಿಸಿ ಬಂದಿದೀನಿ. ಒಬ್ಬ ಓಟಗಾರನ್ನ ತರೋದು ಯಾವ ಮಹಾ?"

ಎದುರು ಮನೆಯ ಧ್ರುವ ಕಣ್ಣುಜ್ಜಿಕೊಂಡು ಬಾಗಿಲು ತೆರೆದ.

"ಮಗಾ, ಆಟೋ ಕೊಡು. ಬದಲಿಗೆ ನನ್ನ ಕ್ಯಾಚ್ ಹಿಡಿಯೋನನ್ನ ತಗೋ. ಬಂಗಾರದಂಥ ಹುಡುಗ."

"ಗುರು, ಕ್ಯಾಚ್ ಹಿಡಿಯೋರು ನನ್ ಹತ್ರ ಮದುವೆ ಮನೆಗಾಗೋಷ್ಟಿದಾರೆ. ಡಿಸೆಂಬರಲ್ಲಿ ಅವ್ರನ್ನ ಯಾವನು ಕೇಳ್ತಾನೆ?" ಧ್ರುವ ಆಕಳಿಸಿದ. "ಒಂದ್ ಕೆಲ್ಸ ಮಾಡು. ವೆಂಕಟಗಿರಿ ಅಂಕಲ್ ಕಾರು ನನ್ ಬೈಕಿಗೆ ಅಡ್ಡ ನಿಂತು ಎಷ್ಟು ಕಾಲ ಆಯ್ತು ಗೊತ್ತಾ? ದಿನಾ ಬೈಕನ್ನ ಕೂಸಿನ ಥರ ಎತ್ಕೊಂಡು ಆಚೆ ತರ್ತೀನಿ. ಆ ಕಾರು ಸರಿಸು, ಆಟೋ ನಿಂದು."

ಬಸವಕುಮಾರ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ವೆಂಕಟಗಿರಿ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರ ಕಾರು ಆಯುಧಪೂಜೆಗೆ ಮಾತ್ರ ಮುಸುಕು ತೆಗೆಯುತ್ತಿತ್ತು. ಅವರನ್ನು ಸೋಲಿಸಲು ಅವರ ಕಾರನ್ನೇ ಸರಿಸಬೇಕಾಗಿತ್ತು. ಆ ಗುಟ್ಟು ಬಿಟ್ಟುಕೊಡದೆ ಅವನು ನಗುನಗುತ್ತ ಮಾತಿಗಿಳಿದ.

"ಸರಿಸೋಕೆ ನನಗೇನಪ್ಪ?" ಎಂದರು ವೆಂಕಟಗಿರಿ. "ನನ್ನ ಜಾಗದಲ್ಲಿ ನಿಲ್ಸಿದ್ರೆ ಬಾನೆಟ್ ಮೇಲೆ ತೊಟ್ ತೊಟ್ ಅಂತ ನೀರು ಬೀಳುತ್ತೆ. ಮುನಿಲಕ್ಷ್ಮಮ್ಮನ ಬಚ್ಚಲು ಪೈಪು. ಅದು ನಿಂತ್ರೆ ಈ ಕ್ಷಣ ಸರಿಸ್ತೀನಿ."

ಮುನಿಲಕ್ಷ್ಮಮ್ಮ ಮೊದಲನೇ ಮಹಡಿಯವರು. ಈ ಕಟ್ಟಡ ನಿಂತಿರುವ ನೆಲ ಒಂದು ಕಾಲಕ್ಕೆ ಅವರ ಹುರುಳಿ ಹೊಲ. ಬಿಲ್ಡರ್ ಎಷ್ಟೇ ದೊಡ್ಡ ಬೋರ್ಡಿನಲ್ಲಿ ಗ್ರೀನ್ ಮೆಡೋಸ್ ಎಂದು ಬರೆಸಿದ್ದರೂ ಅವರು ಆಟೋದವರಿಗೆ 'ನಮ್ಮ ಹುರುಳಿ ಹೊಲಕ್ಕೆ ಬಿಡಪ್ಪ' ಎಂದೇ ಹೇಳುತ್ತಿದ್ದರು.

"ಪೈಪ್ ಒಡೀಲಿ, ಬಚ್ಚಲೂ ಒಡೀಲಿ, ನಂದೇನು ತಕರಾರಿಲ್ಲ," ಎಂದರು ಅವರು. "ಆದ್ರೆ ಬಸ್ವಾ, ತಮ್ಮನ ಹೊಲದಿಂದ ಎಲ್ಡು ಮೂಟೆ ರಾಗಿ ಬಂದೈತೆ. ಒಣಗಾಕಕ್ಕೆ ತಾರಸಿಗೆ ಬೀಗ ಜಡಿದವ್ರೆ. ಭೂಮಿ ಕೊಟ್ಟೋಳಿಗೆ ಬಿಸಿಲೂ ಇಲ್ವಾ? ಬೀಗ ತೆಗ್ಸು, ಆಮ್ಯಾಕೆ ನಿನ್ ಪ್ಲಂಬರ್ನ ಕರ್ಕೊಂಬಾ."

ಬೀಗ ಹಾಕಿದವರು ನಂಜುಂಡಪ್ಪ. ಹಾಕಿಸಿದವರು ತಾರಸಿಯ ಕೆಳಗೇ ಇರುವ ನಾಲ್ಕನೇ ಮಹಡಿಯ ಲಿಂಗಮ್ಮ. ತಲೆಯ ಮೇಲೆ ಯಾರು ನಡೆದರೂ ಅವರಿಗೆ ಆಗುತ್ತಿರಲಿಲ್ಲ.

"ತೆಗೀಲಿ ಬಿಡಿ," ಎಂದರು ಲಿಂಗಮ್ಮ, ಅವನು ಅರ್ಧ ಗಂಟೆ ಮಾತಾಡಿದ ಮೇಲೆ. "ಮೇಲಿನ ಸದ್ದು ಹೇಗಾದ್ರೂ ತಡ್ಕೋತೀನಿ. ಆದ್ರೆ ಆ ಲಿಫ್ಟಲ್ಲಿ ಒಬ್ಳು ಇದಾಳಲ್ಲ, 'ಪ್ಲೀಸ್ ಕ್ಲೋಸ್ ದ ಡೋರ್' ಅನ್ನೋಳು? ಮೇಲೆ ಬಂದೋರು ಯಾರೋ ಗೇಟ್ ತೆಗೆದಿಟ್ಟು ಹೋಗ್ತಾರೆ, ಇವಳು ನನ್ನ ಬೆಡ್‌ರೂಮ್ ಗೋಡೆ ಪಕ್ಕ ನಿಂತು ಬಡ್ಕೋತಾಳೆ. ಮೊನ್ನೆ ನಿದ್ದೆಗಣ್ಣಲ್ಲಿ ಎದ್ದು ನಮ್ಮನೆ ಬಾಗಿಲಿಗೆ ಎರಡು ಸಲ ಚಿಲಕ ಹಾಕಿ ಬಂದೆ. ಅವಳ ಬಾಯಿ ಮುಚ್ಚಿಸಿ. ಆಮೇಲೆ ತಾರಸಿ ಮೇಲೆ ರಾಗಿ ಒಣಗಿಸೋದಲ್ಲ, ಒಕ್ಕಣೆ ಮಾಡಿದ್ರೂ ಕೇಳಲ್ಲ."

ಲಿಫ್ಟ್ ಮೆಕ್ಯಾನಿಕ್ ಕೆಂಗೇರಿಯಲ್ಲಿ ನೆಂಟರ ಗೃಹಪ್ರವೇಶದಲ್ಲಿದ್ದ. ಪಂಕ್ತಿಯಲ್ಲಿ ಕೂತಿದ್ದವನನ್ನು ಎಬ್ಬಿಸುವುದು ಬಸವಕುಮಾರನಿಂದಲೂ ಆಗಲಿಲ್ಲ.

"ಸಾರ್, ಲಿಫ್ಟ್ ಒಳಗೆ ಬಟನ್ ಪಕ್ಕ ಡಬ್ಬಿ ಇದೆ. ತೆಗೆದ್ರೆ ಕೆಂಪು ವೈರ್. ಕಿತ್ಬಿಡಿ, ಅಷ್ಟೇ." ಎಲೆಯ ಮೇಲೆ ಏನೋ ಬಡಿಸುತ್ತಿದ್ದ ಸದ್ದು. "ಸಾಕು ಸಾಕು... ನಿಮಗಲ್ಲ ಸಾರ್, ಪಾಯಸದೋನಿಗೆ."

ಬಸವಕುಮಾರ ಲಿಫ್ಟ್ ಹತ್ತಿ, ಕೆಳಗಿಳಿಯುತ್ತಲೇ ಡಬ್ಬಿ ತೆಗೆದು, ಕೆಂಪು ವೈರ್ ಕಿತ್ತ. ಹೆಂಗಸಿನ ದನಿ ನಿಂತಿತು. ದೀಪ ನಿಂತಿತು. ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟೂ ನಿಂತಿತು.

ಅವನ ಕೂಗಿಗೆ ಮೊದಲು ಬಂದವರು ನಂಜುಂಡಪ್ಪ. ಮೂರನೇ ಮಹಡಿಯ ಮೆಟ್ಟಿಲಲ್ಲಿ ನಿಂತು, ಗೇಟಿನ ಸಂದಿಯಲ್ಲಿ ಕಾಣುತ್ತಿದ್ದ ಅವನ ಪಾದಗಳ ಜೊತೆ ಮಾತಾಡಿದರು.

"ಹೆದರ್ಕೋಬೇಡಿ. ನಾನು ಇಲ್ಲಿ ಎಷ್ಟೋ ಸಲ ಇದ್ದೆ. ಎಡಗಡೆ ಮೂಲೇಲಿ ಗಾಳಿ ಚೆನ್ನಾಗಿ ಬರುತ್ತೆ."

"ಸಾರ್, ತಾರಸಿ ಬೀಗದ ಕೀ ಕೊಡ್ತೀರಾ? ಲಿಂಗಮ್ಮ ಒಪ್ಪಿದಾರೆ."

"ಒಪ್ಪಿದ್ರಾ?" ನಂಜುಂಡಪ್ಪ ಜೇಬಿಗೆ ಕೈ ಹಾಕಿದರು. "ನಾನು ಅವರ ಬಾಗಿಲು ತಟ್ಟಕ್ಕೇ ಹೆದರ್ತಿದ್ದೆ. ತಗೊಳ್ಳಿ, ನಿಮ್ಮ ಹತ್ರಾನೇ ಇಟ್ಕೊಳ್ಳಿ." ಕೀ ಗೇಟಿನ ಸಂದಿಯಿಂದ ಒಳಗೆ ಬಂತು.

ಧ್ರುವ ತಾರಸಿ ಬಾಗಿಲ ಈಚೆಗಿನ ಮೋಟಾರ್ ಕೋಣೆಯಲ್ಲಿ ಚಕ್ರ ತಿರುಗಿಸಿ ಲಿಫ್ಟನ್ನು ಬಾವಿಯಿಂದ ಕೊಡ ಎತ್ತಿದಂತೆ ಎತ್ತಿದ. ಮೆಕ್ಯಾನಿಕ್ ಪಾಯಸ ಮುಗಿಸಿ ಫೋನ್ ಮಾಡಿದ. "ಕೆಂಪು ಅಂದ್ನಾ ಸಾರ್? ಕರೀದು, ಕರೀದು." ಕೆಂಪು ವೈರ್ ಸೇರಿಸಿ ಕಪ್ಪು ಕಿತ್ತ ಮೇಲೆ ಲಿಫ್ಟ್ ಮೂಕವಾಗಿ, ವಿಧೇಯವಾಗಿ ಓಡಾಡತೊಡಗಿತು. ಆದರೂ ಮತ್ತೆ ಅದರೊಳಗೆ ಕಾಲಿಡಲು ಬಸವಕುಮಾರನಿಗೆ ಧೈರ್ಯ ಬರಲಿಲ್ಲ. ರಾಗಿಯ ಎರಡು ಮೂಟೆಗಳನ್ನೂ ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ಹಿಂದೆ ಮುನಿಲಕ್ಷ್ಮಮ್ಮ ಲಿಫ್ಟಿನಲ್ಲಿ ಬಂದರು.

"ಸಮವಾಗಿ ಹರಡ್ಲಾ. ಅಲ್ಲಿ ಗುಡ್ಡೆ ಆಗೈತೆ ನೋಡು."

ಮೂರೂವರೆಗೆ ಪ್ಲಂಬರ್ ಬಂದ. ನಂದಿನಿ ಲೇಔಟಿನವನು, ಟೈಲ್ಸ್ ಅಂಗಡಿಯ ಪರಿಚಯ. 'ಸಾರ್, ಸ್ವಲ್ಪ ಹಿಡ್ಕೊಳ್ಳಿ' ಎಂದು ಪೈಪಿನ ತುದಿಯನ್ನು ಬಸವಕುಮಾರನ ಕೈಗೆ ಕೊಟ್ಟು ಸ್ಪ್ಯಾನರ್ ತರಲು ಹೋದ. ಆಗಲೇ ಮೇಲೆ ಯಾರೋ ಸ್ನಾನಕ್ಕಿಳಿದರು. ಪೈಪ್ ರಿಪೇರಿ ಮುಗಿಯುವ ಹೊತ್ತಿಗೆ ಬಸವಕುಮಾರ ಸೀಗೆಕಾಯಿ ವಾಸನೆ ಬೀರುತ್ತಿದ್ದ.

ಐದೂ ಕಾಲಿಗೆ ವೆಂಕಟಗಿರಿ ಕಾರಿನ ಮುಸುಕು ತೆಗೆದು, ಸ್ಟಿಯರಿಂಗ್ ಮುಂದೆ ಕೂತು, ಕೀ ತಿರುಗಿಸಿದರು. ಕಾರು ಮುದುಕರು ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು ಮಾಡಿ ಸುಮ್ಮನಾಯಿತು.

"ಬ್ಯಾಟರಿ ಹೋಗಿದೆ," ಎಂದರು ಅವರು. ಇಳಿಯಲಿಲ್ಲ.

ಬಸವಕುಮಾರ ಅಂಗಿಯ ತೋಳು ಮಡಿಸಿ ಹಿಂದಿನಿಂದ ತಳ್ಳಿದ. ವೆಂಕಟಗಿರಿ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದರು.

"ಬಸವಕುಮಾರ್, ಲಿಫ್ಟ್ ಸರಿ ಮಾಡಿಸಿದ್ದು ನೀವೇನಾ?"

"ಹೂಂ ಸಾರ್."

"ತಾರಸಿ?"

"ಹೂಂ... ಸಾರ್."

"ಲಿಂಗಮ್ಮನ್ನೂ ಒಪ್ಪಿಸಿದ್ರಂತೆ. ಇಷ್ಟೆಲ್ಲ ಯಾಕೆ ಮಾಡ್ತಾ ಇದೀರಿ?"

"ಏನೋ ಸಾರ್..." ಬಸವಕುಮಾರ ಉಸಿರು ಸಾಲದೆ ಬಾಯಿಗೆ ಬಂದದ್ದು ಹೇಳಿದ. "ಸೇವೆ."

"ಅಪರೂಪದ ಮನುಷ್ಯ ನೀವು," ಎಂದು ವೆಂಕಟಗಿರಿ ಸ್ಟಿಯರಿಂಗನ್ನು ಒಂದು ಬೆರಳಿನಲ್ಲಿ ತಿರುಗಿಸಿದರು.

ಆರಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಧ್ರುವನ ಬೈಕ್ ತನ್ನ ಚಕ್ರಗಳ ಮೇಲೇ ಹೊರಗೆ ಬಂತು. ಧ್ರುವ ಅದರ ಮೇಲೆ ಕೂತೇ ಫೋನ್ ಒತ್ತಿದ. ಆಟೋ ಬಸವಕುಮಾರನವನಾದ.

"ನೋಡಿದ್ಯಾ?" ಎಂದ ಬಸವಕುಮಾರ ಮನೆಗೆ ಬಂದು, ಸೋಫಾದ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದು. "ಮಾತಾಡಿದ್ರೆ ಆಗದೇ ಇರೋದು ಯಾವುದೂ ಇಲ್ಲ."

"ಎದ್ದು ಸ್ನಾನ ಮಾಡಿ," ಎಂದಳು ಕೀರ್ತನಾ. "ಅಥವಾ ಆಗ್ಲೇ ಆಯ್ತಾ?"

ಅಲ್ಲಿಯ ಆಟ ಮುಗಿಯುವಾಗ ಇಲ್ಲಿ ಬೆಳಗಾಗಿತ್ತು. ಬಸವಕುಮಾರ ಹಾಸಿಗೆಯಲ್ಲೇ ಫೋನ್ ತೆಗೆದ. ಆಟೋ ಮೊದಲ ಓಟದಲ್ಲೇ ಬಿದ್ದಿದ್ದ. ಆಮೇಲೆ ಆಟವಿಡೀ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದನಂತೆ. ಸೆಕ್ರೆಟರಿಗೆ ಬರುವ ಮುಂಜಾನೆಯ ಕರೆಗಳು, ಬಾರದ ನೀರಿನ ಟ್ಯಾಂಕರ್, ಲಿಫ್ಟಿನ ಎಡಗಡೆ ಮೂಲೆಯ ಗಾಳಿ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಒಂದು ಕಣ್ಣು ಮುಚ್ಚಿ, ಬೆರಳಿನಿಂದ ಅಂಕಗಳನ್ನು ಕಟ್ಟಕಡೆಯವರೆಗೆ ಸರಿಸಿದ.

ಕಟ್ಟಕಡೆಗೆ ವೆಂಕಟಗಿರಿ ಇದ್ದರು.

ಅವನು ಹಾಕಿದ ಕೂಗಿಗೆ ಲಿಂಗಮ್ಮ ಮೇಲಿನಿಂದ ನೆಲ ಕುಟ್ಟಿದರು.

ಎಂಟಕ್ಕೆ ಪಾರ್ಕಿಂಗಿನಲ್ಲಿ ಎಲ್ಲರೂ ಸೇರಿದರು. ನಂಜುಂಡಪ್ಪ ಹೊಸ ಶರ್ಟು ಹಾಕಿಕೊಂಡು, ಬಿಡುಗಡೆಯಾದ ಕೈದಿಯ ಕಳೆಯಲ್ಲಿ ನಿಂತಿದ್ದರು. ಅವರು ಕೀಗೊಂಚಲು ಕೊಟ್ಟಾಗ ವೆಂಕಟಗಿರಿ ಎರಡೂ ಕೈ ಚಾಚಿ ತೆಗೆದುಕೊಂಡರು. ಗೆದ್ದವರು ಉದಾರವಾಗಿರಬೇಕೆಂದು ಬಸವಕುಮಾರ ಮುಂದೆ ಬಂದ.

"ಬೇಜಾರು ಮಾಡ್ಕೋಬೇಡಿ ಸಾರ್. ಅದೃಷ್ಟ ಕೈಕೊಡ್ತು."

"ಅದೃಷ್ಟ ಎಲ್ಲಿ ಬಂತಪ್ಪ? ನನ್ನ ಓಟಗಾರರನ್ನೆಲ್ಲ ಸಂಜೆ ನಾನೇ ಫೋನಿನ ತಂಡದಲ್ಲಿ ಬೆಂಚ್ ಮೇಲೆ ಕೂರಿಸಿದೆ, ಅಂಕ ಬರದ ಹಾಗೆ."

"ಸುಮ್ನಿರಿ ಅಂಕಲ್," ಎಂದು ಧ್ರುವ ಫೋನ್ ತೆಗೆದು ನೋಡಿದ. "ಹೌದು ಗುರು. ಒಬ್ಬನ್ನೂ ಆಡಿಸಿಲ್ಲ."

"ಯಾಕೆ ಸಾರ್?" ಎಂದ ಬಸವಕುಮಾರ.

"ನಿನ್ನೆ ಸಂಜೆಯವರೆಗೂ ಸೆಕ್ರೆಟರಿ ಅಂದ್ರೆ ನನಗೂ ನಡುಕಾನೇ. ನೀವು ಕಾರು ತಳ್ಳೋದನ್ನ ನೋಡ್ತಾ ನೋಡ್ತಾ ಧೈರ್ಯ ಬಂತು. ಸರ್ಕಾರಿ ಆಫೀಸಲ್ಲಿ ಸರ್ವೀಸೆಲ್ಲ ಕಳೆದೋನು ನಾನು. ಕೆಲಸ ಮಾಡೋನೊಬ್ಬ ಕೈಕೆಳಗಿದ್ರೆ ಮೇಲಿನ ಕುರ್ಚಿಯಷ್ಟು ಸುಖದ ಜಾಗ ಇನ್ನೊಂದಿಲ್ಲ." ಅವರು ಎಲ್ಲರ ಕಡೆ ತಿರುಗಿದರು. "ಸೆಕ್ರೆಟರಿಯಾಗಿ ನನ್ನ ಮೊದಲ ಸಲಹೆ. ಬಸವಕುಮಾರ್ ಸಹಾಯಕ ಸೆಕ್ರೆಟರಿ ಆಗ್ಲಿ. ಒಂದೇ ದಿನದಲ್ಲಿ ಲಿಫ್ಟು, ತಾರಸಿ, ಪೈಪು, ಪಾರ್ಕಿಂಗು. ಯಾರದಾದ್ರೂ ಆಕ್ಷೇಪಣೆ ಇದ್ಯಾ?"

ಲಿಂಗಮ್ಮನ ಕೈ ಮೊದಲು ಮೇಲೆದ್ದಿತು, ಒಪ್ಪಿಗೆಗೆ. ಮುನಿಲಕ್ಷ್ಮಮ್ಮನ ಕೈ ಎದ್ದಿತು. ನಂಜುಂಡಪ್ಪ ಎರಡೂ ಕೈ ಎತ್ತಿದರು. ಬಸವಕುಮಾರ ಹೆಂಡತಿಯ ಕಡೆ ನೋಡಿದ. ಕೀರ್ತನಾಳ ಕೈಯೂ ಮೇಲಿತ್ತು.

"ನೀನೂನಾ?"

"ಸೇವೆ ಅಂದ್ರಂತಲ್ಲ," ಎಂದಳು ಅವಳು.

ವೆಂಕಟಗಿರಿ ಕೀಗೊಂಚಲನ್ನು ಬಸವಕುಮಾರನ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಬಸವಕುಮಾರ ಅರ್ಧ ಕ್ಷಣದಲ್ಲಿ ಚೇತರಿಸಿಕೊಂಡ. ಸೋಲನ್ನು ಹೆಚ್ಚು ಹೊತ್ತು ಮುಖದ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

"ಆಯ್ತು ಬಿಡಿ ಸಾರ್. ಒಂದು ವರ್ಷ ತಾನೇ? ಮುಂದಿನ ಸೀಸನ್‌ವರೆಗೆ ನೋಡ್ಕೋತೀನಿ."

"ಒಂದು ವರ್ಷ ನನಗೆ," ಎಂದರು ವೆಂಕಟಗಿರಿ ಮೃದುವಾಗಿ. "ಸೆಕ್ರೆಟರಿ ಪ್ರತಿ ಸೀಸನ್ನೂ ಬದಲಾಗ್ತಾರೆ. ಸಹಾಯಕ ಸೆಕ್ರೆಟರಿಗೆ ಅವಧಿ ಅಂತ ನಾವು ಏನೂ ಇಟ್ಟಿಲ್ಲ."